ಯಮನೂರಸಾಬನ ಬಲಗೈ

ಬೆಟಗೇರಿ
೧೬ ಜನವರಿ ೧೯೭೮

ಮಗಳೇ ಗೌಸಬಿ,

ಮೊದಲು ದುವಾ, ಆಮೇಲೆ ಖಬರು. ನಿನ್ನ ಕಾಕಾ ಹುಬ್ಬಳ್ಳಿಗೆ ಹೋಗಿ ಗೆದ್ದು ಬಂದಿದ್ದಾನೆ. ಮುಂಡರಗಿಯಲ್ಲಿ ನೀನು ಕಲಿಸುವ ಶಾಲೆಗೆ ಒಂದು ದಿನ ರಜೆ ಕೊಡಿಸು. ಕಾರಣ ಕೇಳಿದರೆ ನನ್ನ ಹೆಸರು ಹೇಳು.

ಆಗಸ್ಟಿನಲ್ಲಿ ಪ್ರೆಸ್ಸಿನಲ್ಲಿ ಅಚ್ಚು ಹಾಕುವ ಟ್ರೆಡಲ್ ಯಂತ್ರ ನನ್ನ ಬಲಗೈಯನ್ನು ಮಣಿಕಟ್ಟಿನವರೆಗೆ ಕಚ್ಚಿದ್ದು ನಿನಗೆ ಗೊತ್ತು. ಐದು ತಿಂಗಳು ಮನೆಯಲ್ಲಿ ಕೂತು ನಿನ್ನ ಕಾಕಿ ಮೋತಿಬಿಯ ಬೈಗುಳ ತಿಂದೆ. ಪ್ರೆಸ್ಸಿನ ಗುಮಾಸ್ತರು ವಿಮಾ ಕಚೇರಿಗೆ ನನ್ನ ಹೆಸರಿನಲ್ಲಿ ಪಿಂಚಣಿಯ ಅರ್ಜಿ ಹಾಕಿದ್ದರು. ಮೊನ್ನೆ ಮೂವರು ಡಾಕ್ಟರರ ಮುಂದೆ ತಪಾಸಣೆ ಇತ್ತು.

ಪೆಟ್ಟು ಬಿದ್ದದ್ದಕ್ಕೆ ಪಿಂಚಣಿ ಹೇಗೂ ಬರುತ್ತದೆ. ಪೆಟ್ಟು ಬಿದ್ದದ್ದನ್ನು ಇಡೀ ಪ್ರೆಸ್ಸು ನೋಡಿದೆ. ತಪಾಸಣೆ ಏನಿದ್ದರೂ ಆಳು ಇನ್ನೂ ಗಟ್ಟಿ ಇದ್ದಾನೋ ಇಲ್ಲವೋ ನೋಡಲಿಕ್ಕೆ. ಇಪ್ಪತ್ತನೆಯ ವಯಸ್ಸಿನಲ್ಲಿ ಮಿಲಿಟರಿ ಭರ್ತಿಗೆ ಹೋಗಿ, ಎದೆಯಳತೆ ಎರಡು ಬೆರಳು ಕಡಿಮೆ ಬಂದು, ತಲೆ ತಗ್ಗಿಸಿ ಕುರ್ತಕೋಟಿಗೆ ವಾಪಸು ನಡೆದವ ನಾನು. ಈ ಸಲ ಹಾಗಾಗಬಾರದು ಎಂದು ಎಂಟು ದಿನ ಮನೆಯಲ್ಲಿ ತಾಲೀಮು ಮಾಡಿದೆ. ಮೋತಿಬಿ ಎಣಿಸುತ್ತಿದ್ದಳು, ನಾನು ಅಂಗಿಯ ಗುಂಡಿ ಹಾಕುತ್ತಿದ್ದೆ.

ಡಾಕ್ಟರು ಗುಂಡಿ ಹಾಕೆಂದರು, ಐದೂ ಹಾಕಿದೆ. ಸಹಿ ಮಾಡೆಂದರು, ಮಾಡಿದೆ. ಅವರು ಕೇಳದಿದ್ದರೂ ಅಲ್ಲಿದ್ದ ಕಬ್ಬಿಣದ ಕುರ್ಚಿಯನ್ನು ಬಲಗೈಯಿಂದಲೇ ಎದೆಮಟ್ಟ ಎತ್ತಿ ಹಿಡಿದೆ.

'ಸಾಕ್ರೀ ಸಾಹೇಬರ, ಇಳಸ್ರಿ. ಕುರ್ಚಿ ಸರಕಾರದ್ದೈತಿ' ಎಂದು ಒಬ್ಬರು ನಕ್ಕರು.

'ನೀವ ಕುಂತಿದ್ರೂ ಎತ್ತತಿದ್ನಿರಿ' ಅಂದೆ.

ಹೊಟ್ಟೆಯಲ್ಲಿರುವ ಮಗುವಿಗೆ ಈ ಕಥೆಯನ್ನು ಓದಿ ಕೇಳಿಸು. ಈಗಿನಿಂದಲೇ ಅಜ್ಜ ಯಾರೆಂದು ಗೊತ್ತಾಗಲಿ.

ಕುರ್ಚಿ ಎತ್ತಿದ ನಿನ್ನ ಕಾಕಾ,
ಯಮನೂರಸಾಬ


ಬೆಟಗೇರಿ
೬ ಮಾರ್ಚ್ ೧೯೭೮

ಮಗಳೇ,

ಉತ್ತರ ತಡವಾಯಿತು. ಕೆಲಸ ಬಹಳ, ಮದುವೆಯ ಸುಗ್ಗಿ.

ಫೆಬ್ರುವರಿ ಇಪ್ಪತ್ತೆರಡಕ್ಕೆ ವಿಮಾ ಕಚೇರಿಯ ಕಾಗದ ಬಂತು. ಎರಡು ಹಾಳೆ, ಪೂರ್ತಿ ಇಂಗ್ಲಿಷು. ಗುಮಾಸ್ತರು ಮೊದಲ ಹಾಳೆ ಓದಿ ಹೇಳಿದರು: 'ಕೈಯ ಕಸುವಿಗೆ ಏನೂ ಆಗಿಲ್ಲ ಅಂತ ಬರದಾರ. ಪಿಂಚಣಿ ಇಲ್ಲ. ಹಿಂದಿನ ಕೆಲಸಕ್ಕ ಹಾಜರಾಗಬೇಕು, ಇಲ್ಲಂದ್ರ ನೌಕರಿ ಇಲ್ಲ.' ಎರಡನೆಯ ಹಾಳೆಯನ್ನು ಅವರು ಓದಲಿಲ್ಲ, ನಾನೂ ಕೇಳಲಿಲ್ಲ. ಇಪ್ಪತ್ತೆರಡು ವರ್ಷ ಓಡಿಸಿದ ಯಂತ್ರ, ಅದಕ್ಕೇ ವಾಪಸು ಬಾ ಎಂದರೆ ಬೇಡ ಅನ್ನಲೇ? ಮೋತಿಬಿ ಮಾತ್ರ ಆ ಕಾಗದವನ್ನು ಎರಡು ದಿನ ಗೋಡೆಗೆ ಒರಗಿಸಿ ಇಟ್ಟು ನೋಡುತ್ತಿದ್ದಳು, ಓದು ಬರುವವಳ ಹಾಗೆ.

ಮಾರ್ಚ್ ಒಂದರಿಂದ ಯಂತ್ರದ ಮುಂದೆ ನಿಂತಿದ್ದೇನೆ. ಮೊದಲು ತಾಸಿಗೆ ಸಾವಿರ ಹಾಳೆ ತೆಗೆಯುತ್ತಿದ್ದೆ. ಈಗ ಸ್ವಲ್ಪ ಕಡಿಮೆ. ಗಡಿಬಿಡಿ ಮಾಡಿದರೆ ಮಸಿ ಅಲುಗುತ್ತದೆ, ಅದಕ್ಕೆ.

ಇನ್ನೊಂದು ಮಾತು. ನಿಮ್ಮ ಶಾಲೆಯ ವಿಜ್ಞಾನದ ಪುಸ್ತಕದಲ್ಲಿ, ಕತ್ತರಿಸಿದ ನರ ಮತ್ತೆ ಬೆಳೆಯುತ್ತದೆ ಎಂದು ಎಲ್ಲಾದರೂ ಬರೆದಿದ್ದಾರೆಯೇ ನೋಡು. ಬೆಳೆದರೆ ಎಷ್ಟು ತಿಂಗಳು ಬೇಕು? ಕೇಳಿದ್ದು ನನಗಾಗಿ ಅಲ್ಲ. ಅಚ್ಚುಮೊಳೆ ಜೋಡಿಸುವ ನಮ್ಮ ಮುದಕಪ್ಪನಿಗೆ ಇಂಥದ್ದರಲ್ಲಿ ಹುಚ್ಚು.

ಆರೋಗ್ಯ ನೋಡಿಕೋ. ತೂಕ ಎತ್ತಬೇಡ, ಎತ್ತುವುದಕ್ಕೆ ನಾನಿದ್ದೇನೆ.

ಕಾಕಾ


ಮುಂಡರಗಿ
೨೫ ಏಪ್ರಿಲ್ ೧೯೭೮

ಪ್ರೀತಿಯ ಕಾಕಾ,

ಮಗ ಹುಟ್ಟಿ ಹದಿಮೂರು ದಿನವಾಯಿತು. ತೊಟ್ಟಿಲಿಗೆ ಹಾಕಿದ ದಿನ ನೀವು ಬರುತ್ತೀರೆಂದು ಅಮ್ಮ ಬಾಗಿಲ ಬಳಿಯೇ ಕೂತಿದ್ದಳು. ಕಾಕಿ ಒಬ್ಬರೇ ಬಂದರು. ಕೇಳಿದರೆ 'ಅವರಿಗೆ ಕೆಲಸ' ಅಂದರು. ಆಮೇಲೆ ಮಗುವಿನ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡುತ್ತ ಅತ್ತರು. ಯಾಕೆಂದು ಹೇಳಲಿಲ್ಲ.

ನರದ ವಿಷಯ ನಮ್ಮ ಪುಸ್ತಕದಲ್ಲಿ ಇಲ್ಲ. ಇಲ್ಲಿನ ದವಾಖಾನೆಯ ಡಾಕ್ಟರರನ್ನು ಕೇಳಿಸಿದೆ. ಮಣಿಕಟ್ಟಿನಲ್ಲಿ ಪೂರ್ತಿ ಜಜ್ಜಿಹೋದ ನರವಾದರೆ, ಎಂಟು ತಿಂಗಳಾದರೂ ಸ್ಪರ್ಶ ಮರಳದಿದ್ದರೆ, ಮರಳುವುದು ಕಷ್ಟ ಅಂದರಂತೆ. ಮುದಕಪ್ಪನವರಿಗೆ ಇದನ್ನು ಹೇಳಿರಿ. ಅವರ ಮಣಿಕಟ್ಟಿಗೆ ಏನಾಗಿದೆ ಎಂದೂ ನನಗೆ ಬರೆಯಿರಿ.

ವಿಮಾ ಕಚೇರಿಯ ಆ ಎರಡೂ ಹಾಳೆಗಳನ್ನು ಕಳಿಸಿರಿ. ನನಗೆ ಓದಬೇಕು. ಬಾಣಂತನದ ನಲವತ್ತು ದಿನ ಮುಗಿಯದೆ ನಾನು ಹೊಸ್ತಿಲು ದಾಟುವಂತಿಲ್ಲ, ಇಲ್ಲದಿದ್ದರೆ ನಾನೇ ಬರುತ್ತಿದ್ದೆ.

ನಿಮ್ಮ ಮಗಳು,
ಗೌಸಬಿ


ಬೆಟಗೇರಿ
೧ ಮೇ ೧೯೭೮

ಮಗಳೇ,

ಅವತ್ತು ಬಸ್ಸು ತಪ್ಪಿತು. ಕಾಗದ ಎಲ್ಲಿಟ್ಟೆನೋ ಸಿಗುತ್ತಿಲ್ಲ. ಮುದಕಪ್ಪ ಚೆನ್ನಾಗಿದ್ದಾನೆ. ಮಗುವಿಗೆ ದೃಷ್ಟಿ ತೆಗೆ.

ಕಾಕಾ


ಬೆಟಗೇರಿ
೮ ಮೇ ೧೯೭೮

ಗೌಸಬಿ ಅಕ್ಕೋರಿಗೆ, ಮೊಳೆ ಜೋಡಿಸುವ ಮುದಕಪ್ಪನ ನಮಸ್ಕಾರ.

ನೀವು ನನ್ನನ್ನು ನೋಡಿಲ್ಲ. ನನ್ನ ನರಗಳೆಲ್ಲ ಸರಿ ಇವೆ. ನಿಮ್ಮ ಕಾಕಾ ನನ್ನ ಹೆಸರಿನಲ್ಲಿ ಕೇಳಿದ ಪ್ರಶ್ನೆ ಅವನದೇ. ಈ ಕಾಗದ ಬರೆಯುವುದು ಅವನಿಗೆ ಗೊತ್ತಿಲ್ಲ. ಮೋತಿಬಿ ವೈನಿ ಬರೆಯಲು ಹೇಳಿದ್ದಾರೆ.

ಅವನ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನಲ್ಲಿ ಜೀವ ಇದೆ. ಉಳಿದ ಮೂರರಲ್ಲಿ ಇಲ್ಲ. ಮಡಚುತ್ತವೆ, ಕೊಕ್ಕೆಯ ಹಾಗೆ ಹಿಡಿಯುತ್ತವೆ, ಆದರೆ ಏನೂ ತಿಳಿಯುವುದಿಲ್ಲ. ಮೂರು ಬೆರಳು ಕೊಕ್ಕೆ ಮಾಡಿ ಕುರ್ಚಿ ಎತ್ತಿದ್ದನ್ನೇ ಡಾಕ್ಟರು ನೋಡಿದ್ದಾರೆ.

ಟ್ರೆಡಲ್ ಯಂತ್ರ ನೀವು ನೋಡಿರಲಿಕ್ಕಿಲ್ಲ. ಅದು ದೊಡ್ಡ ದವಡೆಯ ಹಾಗೆ ತೆರೆದು ಮುಚ್ಚುತ್ತದೆ. ತೆರೆದಾಗ ಬಲಗೈಯಿಂದ ಹಾಳೆ ಒಳಗಿಡಬೇಕು, ಮುಚ್ಚುವುದರೊಳಗೆ ಕೈ ಹೊರಗಿರಬೇಕು. ಓಡಿಸುವವ ಕೈಯನ್ನು ನೋಡುವುದಿಲ್ಲ. ಕೈಗೇ ಲಯ ಗೊತ್ತಿರುತ್ತದೆ.

ಮೊನ್ನೆ ಶನಿವಾರ ಲಕ್ಷ್ಮೇಶ್ವರದ ಒಂದು ಲಗ್ನಪತ್ರಿಕೆ ಓಡುತ್ತಿತ್ತು. ನಾನೇ ಜೋಡಿಸಿದ ಮೊಳೆ. ಯಾರೋ ಹೊರಗಿನಿಂದ ಕೂಗಿದರು, ಇವನು ಒಂದು ಕ್ಷಣ ಆ ಕಡೆ ನೋಡಿದ. ಮತ್ತೆ ಹಾಳೆ ಇಡುತ್ತ ಹೋದ. ನಾಲ್ಕೈದು ಹಾಳೆಯ ಮೇಲೆ ಕೆಂಪು ಕಂಡು ನಾನು ಎದ್ದು ಹೋದೆ.

'ಯಮನೂರಿ, ಕೈ ತೋರಸಲೇ' ಅಂದೆ.

'ಯಾಕ, ಭವಿಷ್ಯ ಹೇಳತಿಯೇನ?' ಅಂದ.

ಅವನ ನಡುವಿನ ಎರಡು ಬೆರಳುಗಳ ಹಿಂಬದಿಯಲ್ಲಿ, ಉಗುರಿನ ಮೇಲೆ ಅರ್ಧ, ಚರ್ಮದ ಮೇಲೆ ಅರ್ಧ, ಮದುಮಗನ ಹೆಸರು ಅಚ್ಚಾಗಿತ್ತು. 'ಚಿ. ನಿಜಲಿಂ'. ಮಸಿಯ ಕೆಳಗಿನಿಂದ ರಕ್ತ ಇಳಿಯುತ್ತಿತ್ತು. ದವಡೆ ಬೆರಳನ್ನು ಮುಟ್ಟಿ, ಹಿಡಿಯುವುದಕ್ಕೆ ಒಂದು ಎಳೆಯಷ್ಟು ಮೊದಲು ಕೈ ಹೊರಬಂದಿದೆ. ಇವನಿಗೆ ಗೊತ್ತೇ ಇಲ್ಲ. ಓದಿ ನೋಡಿದ. ನಕ್ಕ. ಆಮೇಲೆ ಮೂಲೆಗೆ ಹೋಗಿ ವಾಂತಿ ಮಾಡಿಕೊಂಡ.

ಇವತ್ತು ಮುಂಜಾನೆ ಮತ್ತೆ ಅದೇ ಯಂತ್ರದ ಮುಂದೆ ನಿಂತಿದ್ದ. ಹಾಜರಾಗದಿದ್ದರೆ ನೌಕರಿ ಹೋಗುತ್ತದೆ. ಹಾಜರಾದರೆ ಏನು ಹೋಗುತ್ತದೋ ನನಗೆ ಕಾಣುತ್ತಿದೆ.

ವಿಮಾ ಕಚೇರಿಯ ಎರಡೂ ಹಾಳೆ ಇದರ ಜೊತೆಗಿವೆ. ವೈನಿ ಅವನ ಟ್ರಂಕಿನಿಂದ ತೆಗೆದುಕೊಟ್ಟರು.

ಮುದಕಪ್ಪ


ಮುಂಡರಗಿ
೧೦ ಮೇ ೧೯೭೮

ಕಾಕಾ,

ನನಗೆ ಎಲ್ಲ ಗೊತ್ತಾಗಿದೆ. ಮುದಕಪ್ಪನವರ ಮೇಲೆ ಸಿಟ್ಟಾಗಬೇಡಿ. ಕಾಕಿಯ ಮೇಲೆ ಸಿಟ್ಟಾದರೆ ನಾನು ನಿಮ್ಮ ಜೊತೆ ಮಾತು ಬಿಡುತ್ತೇನೆ.

ಗುಮಾಸ್ತರು ಓದದ ಎರಡನೆಯ ಹಾಳೆಯಲ್ಲಿ ಏನಿದೆ ಗೊತ್ತೇ? ಈ ತೀರ್ಮಾನ ಒಪ್ಪಿಗೆಯಿಲ್ಲದವರು, ಕಾಗದ ಕೈಸೇರಿದ ಮೂರು ತಿಂಗಳೊಳಗೆ ಮೇಲಿನ ಮಂಡಳಿಗೆ ಮನವಿ ಕೊಡಬಹುದು ಎಂದಿದೆ. ಆಮೇಲೆ ಬಂದ ಮನವಿಯನ್ನು ನೋಡುವುದಿಲ್ಲ ಎಂದೂ ಇದೆ. ನಿಮಗೆ ಅದು ಸೇರಿದ್ದು ಫೆಬ್ರುವರಿ ಇಪ್ಪತ್ತೆರಡಕ್ಕೆ. ಇನ್ನು ಹನ್ನೆರಡು ದಿನ ಉಳಿದಿವೆ. ಈ ಪತ್ರ ನಿಮಗೆ ತಲುಪುವಾಗ ಹತ್ತು.

ಆ ಡಾಕ್ಟರು ನಿಮ್ಮ ಸ್ಪರ್ಶವನ್ನು ಪರೀಕ್ಷಿಸಿದರೇ? ಬೆರಳು ಮುಟ್ಟಿ ಕೇಳಿದರೇ? ಹಾಳೆಯಲ್ಲಿ ಅದರ ಒಂದು ಮಾತೂ ಇಲ್ಲ. ಗುಂಡಿ, ಸಹಿ, ಕುರ್ಚಿ, ಇಷ್ಟೇ ಇದೆ. ಕುರ್ಚಿಯ ಬಗ್ಗೆ ನಾಲ್ಕು ಸಾಲು ಬರೆದಿದ್ದಾರೆ.

ಗುಂಡಿ ಹೇಗೆ ಹಾಕಿದಿರಿ, ಕುರ್ಚಿ ಹೇಗೆ ಎತ್ತಿದಿರಿ, ನನಗೆ ಖರೆ ಬರೆಯಿರಿ. ಅದನ್ನು ಇಟ್ಟುಕೊಂಡೇ ನಾನು ಮನವಿ ಬರೆಯಬೇಕು. ಆವರೆಗೆ ಯಂತ್ರದ ಹತ್ತಿರ ಹೋಗಬೇಡಿ. ಜ್ವರವೆಂದು ರಜೆ ಹಾಕಿರಿ. ಸುಳ್ಳು ಹೇಳುವುದು ನಿಮಗೆ ಕಷ್ಟವಲ್ಲವಲ್ಲ.

ಗೌಸಬಿ


ಬೆಟಗೇರಿ
೧೩ ಮೇ ೧೯೭೮

ಗೌಸಬಿ,

ನಿನ್ನ ಪತ್ರ ಓದಿ ಮುದಕಪ್ಪನ ಮನೆಗೆ ಜಗಳಕ್ಕೆ ಹೋದೆ. ಅವನು ಚಹಾ ಕೊಟ್ಟ. ಕಪ್ಪನ್ನು ಎಡಗೈಯಲ್ಲಿ ಹಿಡಿದುಕೊಂಡು ಹೇಗೆ ಜಗಳಾಡುವುದು? ಕುಡಿದು ಬಂದೆ.

ಖರೆ ಬರೆ ಅಂದಿದ್ದೀಯ. ಗುಂಡಿಯನ್ನು ಹೆಬ್ಬೆರಳು ಮತ್ತು ತೋರುಬೆರಳಿನಿಂದ ಹಾಕಿದೆ, ಎಡಗೈಯಿಂದ ಅಂಗಿ ಹಿಡಿದದ್ದನ್ನು ಅವರು ಗಮನಿಸಲಿಲ್ಲ. ಕುರ್ಚಿಯ ಹಿಡಿಕೆಗೆ ಸತ್ತ ಬೆರಳುಗಳನ್ನು ಸಿಕ್ಕಿಸಿ, ಭುಜದಿಂದ ಎತ್ತಿದೆ. ಕುರ್ಚಿ ನನ್ನ ಕೈಯಲ್ಲಿದೆ ಎಂಬುದು ನನಗೆ ಭುಜದ ನೋವಿನಿಂದ ಗೊತ್ತಾಯಿತು. ಅವರು ಬೆರಳನ್ನು ಮುಟ್ಟಲೇ ಇಲ್ಲ. ಮುಟ್ಟುವುದಕ್ಕೆ ನಾನು ಬಿಡುವು ಕೊಟ್ಟಿದ್ದರಲ್ಲವೇ?

ಜೇಬಿಗೆ ಕೈ ಹಾಕುತ್ತೇನೆ. ಬೀಡಿ ಸಿಕ್ಕಿತೋ ಇಲ್ಲವೋ, ಕೈ ಹೊರಗೆ ತೆಗೆದು ನೋಡಿದ ಮೇಲೆಯೇ ಗೊತ್ತು. ಯಂತ್ರದ ಮುಂದೆಯೂ ಹಾಗೆಯೇ. ಮೊದಲು ಕೈ ತಾನೇ ಹೊರಗೆ ಬರುತ್ತಿತ್ತು. ಈಗ ಅದನ್ನು ಕಣ್ಣಿನಿಂದ ಹೊರಗೆ ಎಳೆಯಬೇಕು. ರೆಪ್ಪೆ ಬಡಿಯಲು ಹೆದರಿಕೆ. ತಾಸಿಗೆ ಆರುನೂರು ಸಲ ದವಡೆ ತೆರೆಯುತ್ತದೆ, ಆರುನೂರು ಸಲ ಕೈ ಹೊರಗಿದೆಯೇ ಎಂದು ನೋಡುತ್ತೇನೆ. ಸಂಜೆ ಮನೆಗೆ ಬಂದು ಬೆರಳು ಎಣಿಸುತ್ತೇನೆ. ಮೋತಿಬಿ ನೋಡಿ, 'ಐದ ಅದಾವ, ಉಣ್ಣಾಕ ಬರ್ರಿ' ಅನ್ನುತ್ತಾಳೆ.

ತೊಟ್ಟಿಲಿಗೆ ಯಾಕೆ ಬರಲಿಲ್ಲ ಎಂದು ನೀನು ಕೇಳಲಿಲ್ಲ. ಬಸ್ಸು ತಪ್ಪಿರಲಿಲ್ಲ. ಮುಂಡರಗಿಯ ಬಸ್ಸು ಹತ್ತಿ ಕೂತಿದ್ದೆ. ಅಲ್ಲಿ ಯಾರಾದರೂ ಮಗುವನ್ನು ನನ್ನ ಕೈಗೆ ಕೊಡುತ್ತಾರೆ, ಅದರ ಕತ್ತಿನ ಕೆಳಗೆ ನನ್ನ ಯಾವ ಬೆರಳು ಇರುತ್ತದೆ, ಯಾವುದು ಇರುವುದಿಲ್ಲ ನನಗೆ ತಿಳಿಯದು ಎಂದು ವಿಚಾರ ಬಂತು. ಮೋತಿಬಿಯೊಬ್ಬಳನ್ನೇ ಬಸ್ಸಿನಲ್ಲಿ ಬಿಟ್ಟು ಇಳಿದುಬಿಟ್ಟೆ.

ಆದರೆ ಮನವಿ ಬೇಡ. ಅದರಲ್ಲಿ ಏನೆಂದು ಬರೆಯುತ್ತೀ? ಅವತ್ತು ತೋರಿಸಿದ್ದು ನಾಟಕ ಎಂದೇ? ಸರಕಾರದ ಡಾಕ್ಟರರ ಮುಂದೆ ಸುಳ್ಳು ತೋರಿಸಿದೆ ಎಂದು ನನ್ನ ಕೈಯಾರೆ ಬರೆದುಕೊಟ್ಟರೆ ಜೇಲಿಗೆ ಹಾಕುವುದಿಲ್ಲವೇ? ಹಾಕದಿದ್ದರೂ, ಕೈ ಸತ್ತಿದೆ ಎಂದು ಅವರು ಬರೆದರೆ ಪ್ರೆಸ್ಸಿನಲ್ಲಿ ನನಗೆ ಏನು ಕೆಲಸ? ನಲವತ್ತೈದು ವರ್ಷಕ್ಕೆ ಬೀದಿಯ ಕಟ್ಟೆಯ ಮೇಲೆ ಕೂತು ಹೋಗಿಬರುವವರ ಲೆಕ್ಕ ಇಡಲೇ? ಯಂತ್ರಕ್ಕೆ ಹೆದರಬೇಕೋ ಕಾಗದಕ್ಕೆ ಹೆದರಬೇಕೋ ತಿಳಿಯದಾಗಿದೆ.

ಇದನ್ನು ಮೋತಿಬಿಗೆ ಓದಿ ಹೇಳಿದೆ. ಅವಳು ಅಂದದ್ದನ್ನು ಹಾಗೇ ಬರೆಯುತ್ತೇನೆ. 'ಕುರ್ಚಿ ಎತ್ತಾಕ ಎಂಟ ದಿವಸ ತಾಲೀಮ ಮಾಡಿದ್ರಿ. ಹೆದರಿಕಿ ಐತಿ ಅಂತ ಹೇಳಾಕ ಎಷ್ಟ ದಿವಸ ಬೇಕ್ರಿ? ಅದನ್ನೂ ನಾನ ಎಣಸ್ತೇನಿ.'

ಬರೆ. ನೀನೇ ಬರೆದು ಕಳಿಸು. ಇನ್ನು ಒಂಬತ್ತು ದಿನ.

ಯಮನೂರಸಾಬ


ಮುಂಡರಗಿ
೧೫ ಮೇ ೧೯೭೮

ಕಾಕಾ,

ಮನವಿ ಇದರ ಜೊತೆಗಿದೆ. ಇಂಗ್ಲಿಷಿನಲ್ಲಿ ಬರೆದಿದ್ದೇನೆ. ನೀವು ಸಹಿ ಮಾಡುವ ಕಾಗದದಲ್ಲಿ ಏನಿದೆ ಎಂದು ನಿಮಗೆ ಗೊತ್ತಿರಬೇಕು, ಅದಕ್ಕೆ ಕನ್ನಡದಲ್ಲಿ ಕೆಳಗೆ ಕೊಡುತ್ತೇನೆ.

'ನನ್ನ ಬಲಗೈಯ ಮೂರು ಬೆರಳುಗಳಿಗೆ ಸ್ಪರ್ಶ ಇಲ್ಲ. ಹಿಂದಿನ ತಪಾಸಣೆಯಲ್ಲಿ ಸ್ಪರ್ಶದ ಪರೀಕ್ಷೆ ಆಗಲಿಲ್ಲ. ಕೈ ನಿಷ್ಪ್ರಯೋಜಕ ಎಂದರೆ ನೌಕರಿ ಹೋದೀತೆಂಬ ಹೆದರಿಕೆಯಿಂದ ನಾನು ಶಕ್ತಿಗೆ ಮೀರಿ ತೋರಿಸಿಕೊಂಡೆ. ಕೆಲಸಕ್ಕೆ ಮರಳಿದ ಮೇಲೆ ನನ್ನ ಬೆರಳು ಯಂತ್ರಕ್ಕೆ ತಾಗಿದ್ದು ನನಗೆ ತಿಳಿಯಲಿಲ್ಲ. ಅದನ್ನು ಕಂಡವರ ಹೇಳಿಕೆ ಲಗತ್ತಿಸಿದೆ. ಮತ್ತೊಮ್ಮೆ ಪರೀಕ್ಷಿಸಬೇಕೆಂದು ಬೇಡುತ್ತೇನೆ.'

ಇದರಲ್ಲಿ ಒಂದೂ ಸುಳ್ಳಿಲ್ಲ. ಖರೆ ಹೇಳಿದವರನ್ನು ಜೇಲಿಗೆ ಹಾಕುತ್ತಾರೋ ಇಲ್ಲವೋ ನನಗೆ ಖಾತ್ರಿಯಾಗಿ ಗೊತ್ತಿಲ್ಲ, ಕಾಕಾ. ಗೊತ್ತಿದೆ ಎಂದು ಬರೆಯಲಾರೆ. ನನಗೂ ಹೆದರಿಕೆ ಇದೆ.

ಅಂಚೆಯನ್ನು ನಂಬಬೇಡಿ. ಹುಬ್ಬಳ್ಳಿಗೆ ಹೋಗಿ ಕೈಯಿಂದ ಕೊಟ್ಟು, ತಾರೀಖಿನ ಮುದ್ರೆ ಹಾಕಿಸಿಕೊಳ್ಳಿ. ಮುದಕಪ್ಪನವರ ಹೇಳಿಕೆಯನ್ನೂ ಬರೆದಿಟ್ಟಿದ್ದೇನೆ; ಸಹಿ ಮಾಡುವ ಮೊದಲು, ಪ್ರೆಸ್ಸಿನ ಮಾಲಕರ ಸಿಟ್ಟಿಗೆ ಅವರು ತಯಾರಿದ್ದಾರೆಯೇ ಎಂದು ಒಮ್ಮೆ ಕೇಳಿ. ಒಪ್ಪಿದರೆ ಮಾತ್ರ.

ಗೌಸಬಿ


ಬೆಟಗೇರಿ
೪ ಆಗಸ್ಟ್ ೧೯೭೮

ಮಗಳೇ ಗೌಸಬಿ,

ನಿನ್ನೆ ಮೇಲಿನ ಮಂಡಳಿಯ ಮುಂದೆ ಹೋಗಿ ಬಂದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಮುದಕಪ್ಪ ಜೊತೆಗೆ ಬಂದ. ಹೇಳಿಕೆಗೆ ಸಹಿ ಮಾಡಿದಾಗಿನಿಂದ ಮಾಲಕರು ಅವನ ಜೊತೆ ಮಾತಾಡುವುದಿಲ್ಲ, ಆದರೆ ಅವನ ಹಾಗೆ ಮೊಳೆ ಜೋಡಿಸುವವರು ಗದಗಿನಲ್ಲಿ ಬೇರೆ ಇಲ್ಲದ್ದರಿಂದ ತೆಗೆದೂ ಹಾಕಿಲ್ಲ. ಈ ಎರಡು ತಿಂಗಳು ನನ್ನನ್ನು ಅವನೇ ತನ್ನ ಪಕ್ಕ ಕೂಡಿಸಿಕೊಂಡು, ಕೆಲಸ ಮುಗಿದ ಮೊಳೆಗಳನ್ನು ಎಡಗೈಯಿಂದ ಪೆಟ್ಟಿಗೆಯ ಮನೆಗಳಿಗೆ ಹಾಕುವ ಕೆಲಸ ಕೊಡಿಸಿದ್ದ. ಹುಡುಗರ ಪಗಾರ. ಮಂಡಳಿಯ ತೀರ್ಮಾನ ಬರುವವರೆಗೆ ಮಾತ್ರ, ಆಮೇಲೆ ಯಂತ್ರ ಇಲ್ಲವೇ ಮನೆ ಎಂದು ಮಾಲಕರು ಹೇಳಿಟ್ಟಿದ್ದರು.

ಒಳಗೆ ಮೂವರಿದ್ದರು. ನಡುವೆ ಕೂತದ್ದು ಒಬ್ಬ ಹೆಣ್ಣುಮಗಳು, ಶಿರಹಟ್ಟಿ ಕಡೆಯವರು ಇರಬೇಕು, ಮಾತು ನಮ್ಮದೇ. ತಾರೀಖಿನ ಮುದ್ರೆ ನೋಡಿ, ನಿನ್ನ ಮನವಿಯನ್ನು ಪೂರ್ತಿ ಓದಿದರು.

'ಕುರ್ಚಿ ಎತ್ತಿದವರು ನೀವ ಏನ್ರಿ?'

'ಹೌದ್ರಿ.'

'ಯಾಕ ಎತ್ತಿದ್ರಿ?'

ದಾರಿಯಲ್ಲಿ ಏಳೆಂಟು ಉತ್ತರ ತಯಾರು ಮಾಡಿದ್ದೆ. ಅವನ್ನೆಲ್ಲ ಬಿಟ್ಟೆ. 'ಹೆದರಿದ್ನಿರಿ ಬಾಯಾರ' ಅಂದೆ. 'ಈಗೂ ಹೆದರೇನಿ.'

ಅವರು ಸೂಜಿಯೊಂದನ್ನು ತೆಗೆದುಕೊಂಡರು. ಎದ್ದು ನನ್ನ ಪಕ್ಕಕ್ಕೆ ಬಂದರು. 'ಕೈ ಮ್ಯಾಜಿನ ಮ್ಯಾಲ ಇಡ್ರಿ. ಕಣ್ಣ ಮುಚ್ಚರಿ. ಸೂಜಿ ಮುಟ್ಟಸ್ತೇನಿ, ಗೊತ್ತಾದಾಗ ಹೂಂ ಅನ್ರಿ.'

ಮೊದಲು ಎಡಗೈ. ಮುಟ್ಟಿಸಿದಾಗಲೆಲ್ಲ ಹೂಂ ಅಂದೆ. ಆಮೇಲೆ ಬಲಗೈ. ನಿನ್ನ ಮುಂದೆ ಮುಚ್ಚಿಡುವುದಿಲ್ಲ, ರೆಪ್ಪೆಯ ಸಂದಿನಿಂದ ನೋಡಬೇಕೆನಿಸಿತು. ನೋಡಿ ಹೂಂ ಅಂದುಬಿಡೋಣ, ಈ ಕೈ ಇನ್ನೂ ನನ್ನದೇ ಎಂದು ತೋರಿಸಿಬಿಡೋಣ ಎನಿಸಿತು. ಇಪ್ಪತ್ತೆರಡು ವರ್ಷ ಅನ್ನ ಹಾಕಿದ ಕೈ. ಹಲ್ಲು ಕಚ್ಚಿ ಕಣ್ಣು ಬಿಗಿಯಾಗಿ ಮುಚ್ಚಿದೆ. ಹೆಬ್ಬೆರಳಿಗೆ ಹೂಂ, ತೋರುಬೆರಳಿಗೆ ಹೂಂ. ಆಮೇಲೆ ಸುಮ್ಮನಾಯಿತು. ಮೇಲಿನ ಪಂಖ ಕಿರುಗುಟ್ಟುತ್ತಿತ್ತು. ಹೊರಗೆ ಮುದಕಪ್ಪ ಕೆಮ್ಮಿದ. ಸೂಜಿ ಕೆಳಗೆ ಬಿತ್ತೇನೋ, ಹುಡುಕುತ್ತಿದ್ದಾರೇನೋ ಎಂದುಕೊಂಡೆ. ಬಹಳ ಹೊತ್ತಾಯಿತು.

'ಬಾಯಾರ, ಉಳಿದ ಬೆರಳಿಗೆ ಯಾವಾಗ ಚುಚ್ಚತೀರಿ?' ಎಂದು ಕೇಳಿದೆ.

'ಕಣ್ಣ ತೆಗೀರಿ' ಅಂದರು.

ಮೂರು ಬೆರಳುಗಳ ಮೇಲೆ ರಕ್ತದ ಚುಕ್ಕೆಗಳಿದ್ದವು. ಎಣಿಸಿದೆ, ಒಂಬತ್ತು. ಅವರು ಅರಳೆಯಿಂದ ಒರೆಸುತ್ತಿದ್ದರು. ನಾನು ನೋಡುತ್ತ ಕೂತೆ, ಬೇರೆ ಯಾರದೋ ಕೈಯನ್ನು ಒರೆಸುತ್ತಿದ್ದಾರೆ ಎಂಬಂತೆ.

ಉಳಿದ ಇಬ್ಬರ ಮುಖ ನೋಡಿ ಅವರು ಬರೆಯತೊಡಗಿದರು. ಬರೆದು ನನಗೆ ಹೇಳಿದರು: 'ಹಿಂದಿನ ಹುಕುಂ ರದ್ದ ಮಾಡೇವಿ. ಪಿಂಚಣಿ ಬರತೈತಿ. ಈ ಕೈ ಇನ್ನ ಯಾವ ಮಷೀನಿನ ಒಳಗೂ ಹೋಗಬಾರದು ಅಂತ ನಿಮ್ಮ ಮಾಲಕರಿಗೂ ಬರೀತೇವಿ. ಜೇಲಿನ ವಿಚಾರ ಬಿಡ್ರಿ. ಇಲ್ಲಿ ಹೆದರಲಾರದ ಯಾರೂ ಬರೂದಿಲ್ಲ.' ಜೇಲಿನ ಹೆದರಿಕೆಯನ್ನು ನಾನು ಅಲ್ಲಿ ಯಾರ ಮುಂದೆಯೂ ಆಡಿರಲಿಲ್ಲ. ಮುಖದ ಮೇಲೇ ಇತ್ತೇನೋ.

ಹೊರಗೆ ಬಂದಾಗ ಮುದಕಪ್ಪ, 'ಗೆದ್ದೆಲ್ಲಲೇ' ಅಂದ. ಹೂಂ ಅಂದೆ. ಅಷ್ಟೇ ಆಯಿತು.

ಬಸ್ಸಿನಲ್ಲಿ ಕಿಟಕಿಯ ಹತ್ತಿರ ಕೂತು ಆ ಮೂರು ಬೆರಳುಗಳನ್ನು ಎಡಗೈಯಿಂದ ಒತ್ತಿ ನೋಡಿದೆ. ಮತ್ತೆ ಒತ್ತಿದೆ. ಒಂದು ವರ್ಷದಿಂದ, ಯಾರಾದರೂ ಸರಿಯಾಗಿ ಪರೀಕ್ಷೆ ಮಾಡಿದರೆ ಒಂದು ಮೂಲೆಯಲ್ಲಾದರೂ ಜೀವ ಸಿಕ್ಕೀತು ಎಂದು ಒಳಗೊಳಗೇ ಅಂದುಕೊಂಡಿದ್ದೆ ಕಾಣುತ್ತದೆ. ಅಣ್ಣಿಗೇರಿ ಬರುವವರೆಗೆ ಒತ್ತುತ್ತಲೇ ಇದ್ದೆ, ಆಮೇಲೆ ಎಡಗೈ ತೆಗೆದು ಕಿಟಕಿಯ ಹೊರಗೆ ನೋಡುತ್ತ ಕೂತೆ.

'ಸಾಕ ಬಿಡಲೇ ಯಮನೂರಿ' ಅಂದ ಮುದಕಪ್ಪ.

ತಿರುಗಿ ಕೆಳಗೆ ನೋಡಿದೆ. ಅವನು ನನ್ನ ಆ ಮೂರು ಬೆರಳುಗಳನ್ನು ತನ್ನ ಮುಷ್ಟಿಯಲ್ಲಿ ಹಿಡಿದುಕೊಂಡಿದ್ದ. ಯಾವಾಗಿನಿಂದಲೋ ಗೊತ್ತಿಲ್ಲ.

ನಿನ್ನ ಕಾಕಾ,
ಯಮನೂರಸಾಬ